ವ್ಯವಹಾರದ ಬಾಂಧವ್ಯಕ್ಕೆ ಹೂವಿನ ಉಡುಗೊರೆ: ಯಾರಿಗೆ, ಯಾವಾಗ, ಯಾವ ಹೂ, ಹೇಗೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯ ಆಡಳಿತ ವಿಭಾಗದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗ್ರಾಹಕರಿಗೆ, ಕಚ್ಚಾಮಾಲು ಕೊಡುವವರಿಗೆ, ಸಾಗಣೆಯವರಿಗೆ ಉಡುಗೊರೆ ಕಳುಹಿಸುವ ಹೊಣೆ ಮೊದಲಿನಿಂದಲೂ ನನ್ನದು. ಡೈರಿ, ಗೋಡೆ ಗಡಿಯಾರ, ಬೆಳ್ಳಿ ನಾಣ್ಯ, ಒಣಹಣ್ಣಿನ ಡಬ್ಬಿ ಎಲ್ಲವನ್ನೂ ಕಳುಹಿಸಿ ನೋಡಿದ ಮೇಲೆ, ಕಳೆದ ಕೆಲವು ವರ್ಷಗಳಿಂದ ನಾವು ಹೆಚ್ಚಿನ ಕಡೆಗಳಿಗೆ ಹೂವನ್ನೇ ಕಳುಹಿಸುತ್ತಿದ್ದೇವೆ. ಹೀಗೆ ಮಾಡಲು ಕಾರಣವಿದೆ. ಹೂವನ್ನು ಬೀರುವಿನಲ್ಲಿಡಲಾಗದು, ಮಾರಲಾಗದು, ಇನ್ನೊಬ್ಬರಿಗೆ ದಾಟಿಸಲೂ ಆಗದು. ನಾಲ್ಕೈದು ದಿನ ಮೇಜಿನ ಮೇಲಿದ್ದು ಬಾಡಿಹೋಗುವುದರಿಂದ ಪಡೆದವರಿಗೆ ಅದು ಋಣವೆನಿಸುವುದಿಲ್ಲ, ನೋಡುವವರಿಗೆ ಲಂಚದಂತೆ ಕಾಣುವುದಿಲ್ಲ. ಆದರೆ ಬಾಡುತ್ತದೆ ಎನ್ನುವ ಇದೇ ಗುಣ ಕಳುಹಿಸುವವರ ಮೇಲೆ ಒಂದು ಕಟ್ಟುನಿಟ್ಟನ್ನೂ ಹೇರುತ್ತದೆ. ಡೈರಿ ಹತ್ತು ದಿನ ತಡವಾದರೂ ಡೈರಿಯೇ. ಹೂವು ಎರಡು ದಿನ ತಡವಾದರೆ ಕಸ. ಮುಂದೆ ವಿವರಿಸಿರುವ ಹೆಜ್ಜೆಗಳೆಲ್ಲವೂ ಈ ಒಂದು ಮಾತಿನಿಂದಲೇ ಹುಟ್ಟಿದವು.

ಮೊದಲ ಹೆಜ್ಜೆ: ಹೆಸರುಗಳ ಪಟ್ಟಿ

ಹೂವನ್ನು ಕಂಪನಿಗೆ ಕಳುಹಿಸುವುದಲ್ಲ, ವ್ಯಕ್ತಿಗೆ ಕಳುಹಿಸುವುದು. ಆದ್ದರಿಂದ ಕಂಪನಿಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಹಿಂದಿನ ಒಂದು ವರ್ಷದಲ್ಲಿ ನಿಮ್ಮ ಕೆಲಸ ಯಾರ ಕೈಯಿಂದ ಸರಾಗವಾಯಿತು ಎಂಬುದನ್ನು ನೆನಪಿಸಿಕೊಂಡು ಬರೆಯಿರಿ. ಮಾಲೀಕರ ಹೆಸರನ್ನು ಎಲ್ಲರೂ ಬರೆಯುತ್ತಾರೆ. ಖರೀದಿ ವಿಭಾಗದಲ್ಲಿ ನಿಮ್ಮ ಬಿಲ್ಲನ್ನು ಮರೆಯದೆ ಮುಂದೂಡಿದವರು, ಗೋದಾಮಿನಲ್ಲಿ ರಾತ್ರಿ ಲಾರಿ ಬಂದಾಗ ಗೇಟು ತೆಗೆಸಿದವರು, ಗುಣಮಟ್ಟ ಪರೀಕ್ಷೆಯಲ್ಲಿ ದೋಷವನ್ನು ಮೇಲ್ ಮಾಡುವ ಮೊದಲು ಫೋನ್ ಮಾಡಿ ತಿಳಿಸಿದವರು ಬಹುತೇಕ ಪಟ್ಟಿಗಳಲ್ಲಿ ಇರುವುದೇ ಇಲ್ಲ. ಮಾಲೀಕರ ಕೋಣೆಗೆ ಹೂಗುಚ್ಛ ಬರುವುದು ವಾರದ ಮಾತು. ಗೋದಾಮಿನ ಮೇಜಿಗೆ ಬರುವುದು ಅಪರೂಪ. ನನ್ನ ಅನುಭವದಲ್ಲಿ ಹೂವಿನಿಂದ ನಿಜವಾಗಿ ಗಟ್ಟಿಯಾದ ಸಂಬಂಧಗಳು ಈ ಎರಡನೆಯ ಗುಂಪಿನವು.

ಯಾರಿಗೆ ಕಳುಹಿಸಬಾರದು ಎಂಬುದನ್ನು ಇದೇ ಹಂತದಲ್ಲಿ ತೀರ್ಮಾನಿಸಬೇಕು. ಸರ್ಕಾರಿ ಅಧಿಕಾರಿಗಳು, ಸಾರ್ವಜನಿಕ ವಲಯದ ಉದ್ದಿಮೆ ಮತ್ತು ಬ್ಯಾಂಕುಗಳ ಅಧಿಕಾರಿಗಳು ಕಾನೂನಿನ ದೃಷ್ಟಿಯಲ್ಲಿ ಸಾರ್ವಜನಿಕ ಸೇವಕರು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅನುಚಿತ ಲಾಭಕ್ಕಾಗಿ ಅವರಿಗೆ ಏನನ್ನಾದರೂ ಕೊಟ್ಟ ವಾಣಿಜ್ಯ ಸಂಸ್ಥೆಯೂ ಅಪರಾಧಿಯಾಗುತ್ತದೆ. ಹೂವಿಗೆ ಯಾರೂ ಮೊಕದ್ದಮೆ ಹೂಡಲಾರರು ಎನ್ನಬಹುದು. ಆದರೂ ಅವರನ್ನು ಮುಜುಗರಕ್ಕೆ ಸಿಲುಕಿಸುವ ಅಗತ್ಯವೇನಿದೆ? ಕರ್ನಾಟಕ ಸರ್ಕಾರವೇ 2021ರ ಆಗಸ್ಟ್‌ನಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು, ನೆನಪಿನ ಕಾಣಿಕೆ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತ್ತು. ಕೋವಿಡ್‌ನಿಂದ ಆಗಲೇ ನೊಂದಿದ್ದ ಹೂ ಬೆಳೆಗಾರರಿಗೆ ಅದರಿಂದ ಬೇಸರವಾದದ್ದೂ ನಿಜ. ಅಂಥ ಕಚೇರಿಗಳಿಗೆ ಧನ್ಯವಾದದ ಪತ್ರವೊಂದೇ ಸಾಕು. ಖಾಸಗಿ ಕಂಪನಿಗಳಲ್ಲೂ, ವಿಶೇಷವಾಗಿ ಬಹುರಾಷ್ಟ್ರೀಯ ಕಂಪನಿಗಳಲ್ಲಿ, ಉಡುಗೊರೆ ನೀತಿ ಎಂದು ಒಂದಿರುತ್ತದೆ. ಅವರ ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದು ಫೋನ್ ಮಾಡಿ ಕೇಳಿದರೆ ತಪ್ಪೇನೂ ಇಲ್ಲ, ಕೇಳಿದವರ ಬಗ್ಗೆ ಗೌರವವೇ ಹೆಚ್ಚುತ್ತದೆ.

ಎರಡನೆಯ ಹೆಜ್ಜೆ: ದಿನವನ್ನು ಗೊತ್ತುಮಾಡುವುದು

ಹಬ್ಬಕ್ಕೆ ಹೂ ಕಳುಹಿಸುವ ವಾಡಿಕೆಯನ್ನು ನಾವು ಕೈಬಿಟ್ಟಿದ್ದೇವೆ. ವರಮಹಾಲಕ್ಷ್ಮಿ, ಗಣೇಶನ ಹಬ್ಬ, ಆಯುಧಪೂಜೆಗಳ ಮುನ್ನಾದಿನ ಕೆ.ಆರ್. ಮಾರುಕಟ್ಟೆಯಲ್ಲಿ ಮಲ್ಲಿಗೆ, ಕನಕಾಂಬರ, ಸೇವಂತಿಗೆಯ ಬೆಲೆ ಹಲವು ಪಟ್ಟು ಏರುತ್ತದೆ. ಫೆಬ್ರವರಿ ಎರಡನೆಯ ವಾರದಲ್ಲಿ ಕೆಂಗುಲಾಬಿಯ ಕಥೆಯೂ ಅದೇ. ದುಬಾರಿಯಾಗುವುದರ ಜೊತೆಗೆ, ಬೇಡಿಕೆಗಾಗಿ ಶೀತಗೃಹದಲ್ಲಿ ಕೂಡಿಟ್ಟ ಹಳೆಯ ಸರಕು ಹೊರಬರುವುದೂ ಆಗಲೇ. ಅದಲ್ಲದೆ ಆಯುಧಪೂಜೆಯ ದಿನ ಪ್ರತಿ ಕಾರ್ಖಾನೆಯ ಲೇತು, ಲಾರಿ, ಕಂಪ್ಯೂಟರುಗಳೆಲ್ಲ ಚೆಂಡುಹೂವಿನಲ್ಲಿ ಮುಳುಗಿರುವಾಗ ನಿಮ್ಮ ಗುಚ್ಛವನ್ನು ಯಾರು ಗಮನಿಸುತ್ತಾರೆ?

ಒಳ್ಳೆಯ ದಿನವೆಂದರೆ ಆ ವ್ಯಕ್ತಿಗೂ ನಿಮಗೂ ಮಾತ್ರ ಅರ್ಥವಾಗುವ ದಿನ. ಮೊದಲ ಖರೀದಿ ಆದೇಶ ಬಂದ ದಿನಾಂಕವನ್ನು ಹಳೆಯ ಕಡತದಿಂದ ಹುಡುಕಿ ತೆಗೆಯಿರಿ. ಹೊಸ ಶಾಖೆಯ ಪೂಜೆ, ಒಂದು ಕಷ್ಟದ ಯೋಜನೆ ಮುಗಿದ ಮರುದಿನ, ಬಡ್ತಿ, ನಿವೃತ್ತಿ, ದೀರ್ಘ ಕಾಯಿಲೆಯ ನಂತರ ಕೆಲಸಕ್ಕೆ ಮರಳಿದ ದಿನ, ಇವೆಲ್ಲ ಹೂವಿಗೆ ಹೇಳಿ ಮಾಡಿಸಿದವು. ನಿವೃತ್ತಿಯವರನ್ನಂತೂ ಮರೆಯಲೇಬಾರದು; ನಾಳೆಯಿಂದ ನಮಗೆ ಅವರಿಂದ ಯಾವ ಕೆಲಸವೂ ಆಗಬೇಕಾಗಿಲ್ಲ ಎಂದು ಇಬ್ಬರಿಗೂ ತಿಳಿದಿರುವ ಹೊತ್ತಿನಲ್ಲಿ ಬರುವ ಹೂವಿಗೆ ಬೇರೆಯೇ ತೂಕವಿರುತ್ತದೆ. ದರಪಟ್ಟಿ ಕೊಟ್ಟು ಕಾಯುತ್ತಿರುವಾಗ, ಒಪ್ಪಂದ ನವೀಕರಣಕ್ಕೆ ಬಂದಿರುವಾಗ, ಬಾಕಿ ಹಣಕ್ಕಾಗಿ ಓಡಾಡುತ್ತಿರುವಾಗ ಒಂದು ಎಸಳನ್ನೂ ಕಳುಹಿಸಬೇಡಿ. ಅದೇ ರೀತಿ, ನಿಮ್ಮಿಂದ ತಪ್ಪಾಗಿದ್ದರೆ ಮೊದಲು ದೋಷಯುಕ್ತ ಸರಕನ್ನು ಬದಲಾಯಿಸಿಕೊಡಿ, ಆಮೇಲೆ ಹೂವು. ಈ ಕ್ರಮ ತಿರುವುಮುರುವಾದರೆ ಕ್ಷಮೆಯಾಚನೆಯೂ ಕಣ್ಣೊರೆಸುವ ತಂತ್ರವಾಗಿ ಕಾಣುತ್ತದೆ.

ಮೂರನೆಯ ಹೆಜ್ಜೆ: ಹೂವಿನ ಆಯ್ಕೆ

ನಮ್ಮ ನಾಡಿನಲ್ಲಿ ಹೂವೆಂದರೆ ಒಂದೇ ವಸ್ತುವಲ್ಲ. ಮುಡಿಯುವ ಹೂ ಬೇರೆ, ದೇವರಿಗೇರಿಸುವ ಹೂ ಬೇರೆ, ಗುಚ್ಛದ ಹೂ ಬೇರೆ. ವ್ಯವಹಾರದ ಉಡುಗೊರೆ ಈ ಮೂರನೆಯ ಗುಂಪಿನಲ್ಲೇ ಇರುವುದು ಕ್ಷೇಮ. ಕಟ್ಟಿದ ಮಲ್ಲಿಗೆಯನ್ನು ಒಬ್ಬ ಮಹಿಳಾ ಅಧಿಕಾರಿಗೆ ಕಚೇರಿಯ ಹೆಸರಿನಲ್ಲಿ ಕಳುಹಿಸುವುದು, ಎಷ್ಟೇ ಒಳ್ಳೆಯ ಮನಸ್ಸಿನಿಂದ ಕಳುಹಿಸಿದರೂ, ಆಪ್ತರ ಸಲುಗೆಯನ್ನು ತಾನಾಗಿ ತೆಗೆದುಕೊಂಡಂತೆ. ಪತಿಯನ್ನು ಕಳೆದುಕೊಂಡವರಿಗೆ ಹೂ ಕೊಡದೆ ದಾಟಿಹೋಗುವ ಹಳೆಯ ಪದ್ಧತಿಯಿಂದ ನೊಂದವರೂ ನಮ್ಮ ನಡುವೆ ಇದ್ದಾರೆ. ಅಂಥವರ ಮೇಜಿನ ಮೇಲೆ ಎಲ್ಲರಿಗೂ ಕೊಟ್ಟಂತೆಯೇ ಒಂದು ಚೆಂದದ ಗುಚ್ಛವನ್ನಿಡುವುದರಲ್ಲಿ ಯಾವ ಅಡ್ಡಿಯೂ ಇಲ್ಲ, ಇಡದೆ ಬಿಟ್ಟರೆ ಮಾತ್ರ ತಪ್ಪು.

ಮಲ್ಲಿಗೆಗೆ ಒಂದು ವಿನಾಯಿತಿ ಉಂಟು. ಹೊಸ ಕಟ್ಟಡದ ಪೂಜೆಗೆ ಆಹ್ವಾನ ಬಂದಿದ್ದರೆ, ಆಯಾ ಊರಿನ ಮಲ್ಲಿಗೆಯನ್ನು ಪೂಜೆಗೆಂದು ಒಯ್ಯುವುದು ಬಹಳ ಹಿಡಿಸುತ್ತದೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಉಡುಪಿಯ ಶಂಕರಪುರದ ಕಡೆಯ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವುದಿಲ್ಲ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ ಚೆಂಡು, ಅಟ್ಟೆ ಎಂದು ಲೆಕ್ಕ ಹಾಕುತ್ತಾರೆ. ಸುಮಾರು 800 ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕರಾವಳಿಯ ಗ್ರಾಹಕರ ಪೂಜೆಗೆ ಹೋಗುವಾಗ ಬೆಂಗಳೂರಿನಿಂದ ಗುಲಾಬಿ ಹೊತ್ತೊಯ್ಯುವ ಬದಲು ಅಲ್ಲಿಯೇ ಒಂದು ಅಟ್ಟೆ ಹೇಳಿಡುವುದು ಎಷ್ಟೋ ಮೇಲು.

ಇನ್ನು ಗುಚ್ಛದ ಹೂಗಳು. ಇಲ್ಲಿ ಚೆಂದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಹವಾನಿಯಂತ್ರಿತ ಕೋಣೆಯ ಒಣಗಾಳಿಯಲ್ಲಿ, ನೀರು ಬದಲಾಯಿಸಲು ಯಾರೂ ನೆನಪಿಡದ ಮೇಜಿನ ಮೇಲೆ ಇದು ಎಷ್ಟು ದಿನ ನಿಲ್ಲುತ್ತದೆ ಎಂಬುದು. ಗುಲಾಬಿ ಚೆನ್ನಾಗಿ ನೋಡಿಕೊಂಡರೆ ಐದರಿಂದ ಏಳು ದಿನ. ಕಾರ್ನೇಷನ್ ಮತ್ತು ಗುಚ್ಛದ ಸೇವಂತಿಗೆ ಹತ್ತು ದಿನ ದಾಟುತ್ತವೆ. ಮಲೆನಾಡು, ಕೊಡಗಿನ ನೆರಳಿನಲ್ಲಿ ಬೆಳೆಯುವ ಆಂಥೂರಿಯಂ ಎರಡು ವಾರಕ್ಕೂ ಮೀರಿ ನಿಲ್ಲುತ್ತದೆ. ಆದರೆ ಅದು ಬಿಸಿನಾಡಿನ ಗಿಡವಾದ್ದರಿಂದ ಫ್ರಿಜ್‌ನಲ್ಲಿಟ್ಟರೆ ಕಪ್ಪಾಗುತ್ತದೆ. ಜರ್ಬೆರಾ ನೋಡಲು ಹಸನ್ಮುಖಿ, ಆದರೆ ಅದರ ಪೊಳ್ಳು ದಂಟು ಹೆಚ್ಚು ನೀರಿನಲ್ಲಿ ಕೊಳೆಯುತ್ತದೆ, ಕತ್ತು ಬಾಗುತ್ತದೆ. ಹೂದಾನಿಯಲ್ಲಿ ನಾಲ್ಕು ಬೆರಳಿನಷ್ಟು ನೀರು ಸಾಕು. ಲಿಲ್ಲಿ ಕೊಡುವುದಾದರೆ ಅರಳಿದ ಹೂವಿನ ಕೇಸರಗಳ ತುದಿಯ ಪರಾಗಚೀಲಗಳನ್ನು ಮೊದಲೇ ಕಿತ್ತು ತೆಗೆಸಿ. ಆ ಕಂದು ಹುಡಿ ಅಂಗಿಗೆ ತಗುಲಿದರೆ ಕಲೆ ಹೋಗುವುದು ಕಷ್ಟ. ಮುಚ್ಚಿದ ಕೋಣೆಯಲ್ಲಿ ಅದರ ಪರಿಮಳವೂ, ಸುಗಂಧರಾಜದ ಪರಿಮಳವೂ ಕೆಲವರಿಗೆ ತಲೆನೋವು ತರುತ್ತದೆ. ಬಣ್ಣದ ವಿಷಯದಲ್ಲಿ ಒಂದೇ ಮಾತು: ಬರೀ ಕೆಂಗುಲಾಬಿಯೂ ಬೇಡ, ಬರೀ ಬಿಳಿಯೂ ಬೇಡ. ಮೊದಲನೆಯದು ಪ್ರೇಮವನ್ನೂ ಎರಡನೆಯದು ಶೋಕವನ್ನೂ ನೆನಪಿಸುತ್ತದೆ.

ಹೂದಾನಿಯೇ ಇಲ್ಲದ ಕಚೇರಿಗಳೂ ಬಹಳ. ಅಲ್ಲಿಗೆ ಕುಂಡದ ಗಿಡ ಒಳ್ಳೆಯದು. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಆಂಥೂರಿಯಂ, ಆರ್ಕಿಡ್, ಪೀಸ್ ಲಿಲ್ಲಿ ಸಿಗುತ್ತವೆ. ಫಲನಾಪ್ಸಿಸ್ ಆರ್ಕಿಡ್ಡಿನ ಒಂದು ಹೂಗೊಂಚಲು ಎರಡು ತಿಂಗಳವರೆಗೂ ಉದುರದೆ ನಿಲ್ಲಬಲ್ಲದು.

ನಾಲ್ಕನೆಯ ಹೆಜ್ಜೆ: ಕೈಯಾರೆ ನೋಡಿ ಕೊಳ್ಳುವುದು

ಆನ್‌ಲೈನ್‌ನಲ್ಲಿ ಚಿತ್ರ ನೋಡಿ ಹಣ ಕಟ್ಟುವುದು ಸುಲಭ. ಆದರೆ ವರ್ಷಕ್ಕೆ ಇಪ್ಪತ್ತು, ಮೂವತ್ತು ಗುಚ್ಛ ಕಳುಹಿಸುವವರು ನಿಮ್ಮ ಪ್ರದೇಶದ ಒಬ್ಬ ಹೂವಿನವರನ್ನು ಗುರುತಿಸಿಕೊಂಡು ಅವರೊಂದಿಗೇ ವ್ಯವಹಾರ ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರಿಗೆ ಯಾವ ದಿನ ಯಾವ ತೋಟದ ಹೂ ಬರುತ್ತದೆಂದು ಗೊತ್ತಿರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸೂರಿನ ಸುತ್ತಲಿನ ಹಸಿರುಮನೆಗಳಲ್ಲಿ ಬೆಳೆದ ಗುಲಾಬಿ, ಜರ್ಬೆರಾಗಳೇ ಬೆಂಗಳೂರಿನ ಗುಚ್ಛಗಳಿಗೆ ಮುಖ್ಯ ಆಧಾರ. ಹೆಬ್ಬಾಳದಲ್ಲಿ ಇಂಥ ಹೂಗಳಿಗೆಂದೇ ಅಂತರರಾಷ್ಟ್ರೀಯ ಹರಾಜು ಕೇಂದ್ರವೂ ಇದೆ.

ಗುಲಾಬಿಯನ್ನು ಪರೀಕ್ಷಿಸುವ ಬಗೆಯನ್ನು ನನಗೆ ಕಲಿಸಿದವರು ನಾವು ಹೂ ಕೊಳ್ಳುವ ಅಂಗಡಿಯ ಅಮ್ಮ. ಇಪ್ಪತ್ತರ ಕಟ್ಟನ್ನು ಬಿಚ್ಚಿ, ಒಂದು ಹೂವನ್ನು ಹೊರತೆಗೆದು, ದಳಗಳು ತೊಟ್ಟಿಗೆ ಸೇರುವ ಜಾಗದಲ್ಲಿ ಹೆಬ್ಬೆರಳು ತೋರುಬೆರಳುಗಳಿಂದ ಮೆಲ್ಲಗೆ ಒತ್ತಿದರು. ಎಳೆಯ ಬದನೆಕಾಯಿಯ ಹಾಗೆ ಗಟ್ಟಿಯಾಗಿದ್ದರೆ ನಿನ್ನೆ ಕೊಯ್ದದ್ದು. ಬೆರಳು ಒಳಗೆ ಹೋದರೆ ಹಳೆಯದು. ಆಮೇಲೆ ದಂಟಿನ ತುದಿಯನ್ನು ಮೂಗಿನ ಬಳಿ ಹಿಡಿದರು. ಕೊಳೆತ ನೀರಿನ ವಾಸನೆ ಇರಬಾರದು, ಲೋಳೆ ಇರಬಾರದು. ಹೊರಗಿನ ಒಂದೆರಡು ದಳಗಳು ಹಸಿರುಗಟ್ಟಿ, ಮುದುಡಿ, ಗಾಯವಾದಂತೆ ಕಂಡರೆ ಹೆದರಬೇಕಾಗಿಲ್ಲ. ಮೊಗ್ಗನ್ನು ಕಾಯುವ ದಳಗಳು ಅವು. ಅವು ಒಂದೂ ಇಲ್ಲದೆ ಹೂವು ತೀರಾ ನುಣುಪಾಗಿ ಹೊಳೆಯುತ್ತಿದ್ದರೆ, ಬಾಡಿದ ದಳಗಳನ್ನು ಕಿತ್ತು ಹೊಸದರಂತೆ ಮಾಡಿರುವ ಸಾಧ್ಯತೆ ಹೆಚ್ಚು. ಅರ್ಧ ಅರಳಿದ ಹೂವನ್ನೇ ಆರಿಸಿ. ಪೂರ್ತಿ ಅರಳಿದ್ದು ಇವತ್ತಿಗೆ ಚೆಂದ, ನಾಳೆಗೆ ಇಲ್ಲ. ತೀರಾ ಬಿಗಿಮೊಗ್ಗು ಕೆಲವೊಮ್ಮೆ ಅರಳದೆಯೇ ಕತ್ತು ಚೆಲ್ಲುತ್ತದೆ.

ಐದನೆಯ ಹೆಜ್ಜೆ: ಕಟ್ಟು ಮತ್ತು ಚೀಟಿ

ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಗುಚ್ಛದೊಳಗೆ ತೇವ ನಿಂತು ದಳಗಳಿಗೆ ಕಪ್ಪು ಚುಕ್ಕೆ ಬರುತ್ತದೆ. ಕಂದು ಕಾಗದ, ಸೆಣಬಿನ ಬಟ್ಟೆ, ಇಲ್ಲವೇ ಬಿದಿರಿನ ಬುಟ್ಟಿ ಹೇಳಿ. ಹೂ ಚುಚ್ಚಲು ಬಳಸುವ ಹಸಿರು ಫೋಮ್ ಮಣ್ಣಿನಲ್ಲಿ ಕರಗುವಂಥದ್ದಲ್ಲ, ಪುಡಿಯಾಗಿ ಉಳಿಯುತ್ತದೆ. ಅದಕ್ಕಿಂತ ನೀರು ತುಂಬಿದ ಗಾಜಿನ ಜಾಡಿಯೇ ವಾಸಿ. ದಂಟುಗಳ ಬುಡವನ್ನು ಓರೆಯಾಗಿ ಒಂದಂಗುಲ ಕತ್ತರಿಸಿ, ನೀರಿಗೆ ಮುಳುಗುವ ಎಲೆಗಳನ್ನೆಲ್ಲ ತೆಗೆಯಬೇಕು.

ಇಲ್ಲಿ ಒಂದು ಎಚ್ಚರಿಕೆ. ಹೂವು ಹಣ್ಣು ಜೊತೆಯಾಗಿ ಕೊಡುವುದು ನಮ್ಮ ಸಂಪ್ರದಾಯ, ತಟ್ಟೆಯಲ್ಲಿಟ್ಟು ಕೈಗೆ ಕೊಡುವಾಗ ಅದು ಸರಿಯೇ. ಆದರೆ ಮುಚ್ಚಿದ ಬುಟ್ಟಿಯಲ್ಲಿ ಸೇಬು, ಬಾಳೆಹಣ್ಣಿನ ಪಕ್ಕ ಕಾರ್ನೇಷನ್ ಅಥವಾ ಆರ್ಕಿಡ್ ಇಟ್ಟು ಕಳುಹಿಸಿದರೆ, ಹಣ್ಣು ಮಾಗುವಾಗ ಬಿಡುವ ಎಥಿಲೀನ್ ಅನಿಲದಿಂದ ಹೂವು ಒಂದೇ ದಿನದಲ್ಲಿ ಮುದುಡಬಹುದು. ಎರಡನ್ನೂ ಬೇರೆ ಬೇರೆ ಕಟ್ಟಿಸಿ.

ಚೀಟಿಯನ್ನು ಕೈಯಲ್ಲೇ ಬರೆಯಿರಿ. ಕನ್ನಡ ಓದುವವರಿಗೆ ಕನ್ನಡದಲ್ಲೇ ಬರೆಯಿರಿ. "ನಿಮ್ಮ ನಿರಂತರ ಸಹಕಾರಕ್ಕೆ ಕೃತಜ್ಞತೆಗಳು" ಎಂದು ಮುದ್ರಿಸಿದ ಕಾರ್ಡು ಯಾರಿಗಾದರೂ ಹೊಂದುತ್ತದೆ, ಆದ್ದರಿಂದಲೇ ಯಾರಿಗೂ ತಾಗುವುದಿಲ್ಲ. ನಮಗೆ ಕಚ್ಚಾಮಾಲು ಸರಬರಾಜು ಮಾಡುವ ಒಬ್ಬರಿಗೆ ನಾವು ಬರೆದದ್ದು ಇಷ್ಟು: "ಮಾನ್ಯರೇ, ಮಾರ್ಚ್ ಕೊನೆಯ ವಾರ ಎಲ್ಲ ಕಡೆ ಲಾರಿ ಸಿಗದಿದ್ದಾಗ ನಿಮ್ಮ ಸ್ವಂತ ಗಾಡಿಯಲ್ಲಿ ಉಕ್ಕಿನ ಸರಳುಗಳನ್ನು ಕಳುಹಿಸಿಕೊಟ್ಟಿರಿ. ನಮ್ಮ ಯಂತ್ರಗಳು ಒಂದು ಪಾಳಿಯೂ ನಿಲ್ಲಲಿಲ್ಲ. ನೆನಪಿದೆ." ಕೆಳಗೆ ವ್ಯವಸ್ಥಾಪಕರ ಸಹಿ ಇತ್ತು, ಕಂಪನಿಯ ಮುದ್ರೆ ಇರಲಿಲ್ಲ. ಹೂವು ಹೋದ ಮೇಲೂ ಆ ಚೀಟಿ ಅವರ ಮೇಜಿನ ಗಾಜಿನ ಕೆಳಗಿತ್ತು. ಮುಂದಿನ ವರ್ಷ ಅಲ್ಲಿಗೆ ಹೋದಾಗ ನಾನೇ ಕಂಡೆ. ಬರೆಯುವ ಮೊದಲು ಹೆಸರಿನ ಅಕ್ಷರಗಳನ್ನೂ, ಇನಿಷಿಯಲ್ಲನ್ನೂ, ಹುದ್ದೆಯನ್ನೂ ಎರಡು ಬಾರಿ ಪರಿಶೀಲಿಸಿ.

ಆರನೆಯ ಹೆಜ್ಜೆ: ತಲುಪಿಸುವುದು

ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಸಂಜೆ ತಲುಪಬೇಕಿದ್ದ ಲಿಲ್ಲಿಯ ಗುಚ್ಛ ಶನಿವಾರ ಬೆಳಿಗ್ಗೆ ತಲುಪಿತು. ಆ ಕಚೇರಿಗೆ ಶನಿವಾರ ರಜೆ. ಕಾವಲಿನವರು ಪಾಪ, ಹಾಳಾಗದಿರಲೆಂದು ತಮ್ಮ ಗೂಡಿನ ಕಿಟಕಿಯ ಬಳಿ ಇಟ್ಟಿದ್ದರು. ಎರಡು ದಿನದ ಬಿಸಿಲು ಅಲ್ಲಿಗೇ ಬೀಳುತ್ತಿತ್ತು. ಸೋಮವಾರ ಗ್ರಾಹಕರ ಕೈ ಸೇರಿದ್ದು ಕಂದುಬಣ್ಣದ ದಂಟುಗಳ ಒಂದು ಹೊರೆ, ಜೊತೆಗೆ ನಮ್ಮ ಶುಭಾಶಯ. ವಾರದ ಕೊನೆಯಲ್ಲಿ ಕಳುಹಿಸಲು ಒಪ್ಪಿದ ನನ್ನದೇ ತಪ್ಪು ಅದು. ಅಂದಿನಿಂದ ನಮ್ಮಲ್ಲಿ ಮಂಗಳವಾರದಿಂದ ಗುರುವಾರದವರೆಗೆ ಮಾತ್ರ, ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರ ಒಳಗೆ ಹೂವು ತಲುಪಬೇಕೆಂಬ ನಿಯಮವಿದೆ.

ಹಿಂದಿನ ದಿನ ಅವರ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ, ಅವರು ಮರುದಿನ ಕಚೇರಿಯಲ್ಲಿರುತ್ತಾರೆಯೇ ಎಂದು ಕೇಳಿ. ಮನೆಯಿಂದಲೇ ಕೆಲಸ ಮಾಡುವ ದಿನಗಳು ಈಗ ಸಾಮಾನ್ಯ. ದೊಡ್ಡ ಟೆಕ್ ಪಾರ್ಕುಗಳಲ್ಲಿ ಹೊರಗಿನವರನ್ನು ಗೇಟಿನಲ್ಲೇ ತಡೆಯುತ್ತಾರೆ, ಆದ್ದರಿಂದ ಕಟ್ಟಡ, ಮಹಡಿ, ಒಳಗಿನಿಂದ ಬಂದು ಪಡೆಯುವವರ ದೂರವಾಣಿ ಸಂಖ್ಯೆ ಮೂರೂ ಇರಲೇಬೇಕು. ಕಾರಿನಲ್ಲಿ ಒಯ್ಯುವುದಾದರೆ ಎಸಿಯ ಗಾಳಿ ನೇರವಾಗಿ ಹೂವಿಗೆ ಬಡಿಯದಿರಲಿ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ. ವರ್ಷಕ್ಕೊಮ್ಮೆಯಾದರೂ ಮುಖ್ಯವಾದ ಮೂರು, ನಾಲ್ಕು ಕಡೆಗೆ ನೀವೇ ಹೋಗಿ ಕೊಡಿ. ಎರಡು ಕೈಯಲ್ಲಿ ಹಿಡಿದು ಕೊಟ್ಟು, ಕಾಫಿ ಕುಡಿದು, ವ್ಯವಹಾರದ ಮಾತೆತ್ತದೆ ಎದ್ದು ಬನ್ನಿ.

ಸಾವಿನ ಸಂದರ್ಭ ಮತ್ತು ಪರದೇಶದವರು

ಗ್ರಾಹಕರ ಮನೆಯಲ್ಲಿ ಸಾವಾದಾಗ ಡೆಲಿವರಿ ಹುಡುಗನ ಕೈಯಲ್ಲಿ ಗುಚ್ಛ ಕಳುಹಿಸುವುದು ನಮ್ಮ ಕಡೆಯ ರೀತಿಯಲ್ಲ. ಹಿಂದೂ ಮನೆಗಳಿಗೆ ಒಬ್ಬರು ಖುದ್ದಾಗಿ ಹಾರ ತೆಗೆದುಕೊಂಡು ಹೋಗಬೇಕು, ಇಲ್ಲವೇ ಉತ್ತರಕ್ರಿಯೆಯ ದಿನ ಭಾವಚಿತ್ರದ ಮುಂದೆ ಹೂವಿಟ್ಟು ಬರಬೇಕು. ಕ್ರೈಸ್ತರಲ್ಲಿ ವೃತ್ತಾಕಾರದ ಹೂಚಕ್ರ ಇಡುವ ವಾಡಿಕೆಯಿದೆ. ಮುಸಲ್ಮಾನರ ಮನೆಗೆ ಹೂವಿಗಿಂತ ನಿಮ್ಮ ಹಾಜರಿ ಮುಖ್ಯ. ಎಲ್ಲಿಯೂ ಕಂಪನಿಯ ಹೆಸರಿನ ಪಟ್ಟಿಯನ್ನು ಹಾರದ ಮೇಲೆ ಕಟ್ಟಬೇಡಿ.

ಹೊರದೇಶದ ಗ್ರಾಹಕರಿಗೆ ಅಲ್ಲಿನ ಹೂವಿನ ಅಂಗಡಿಯ ಮೂಲಕವೇ ಕಳುಹಿಸಬೇಕು, ಏಕೆಂದರೆ ತಾಜಾ ಹೂಗಳನ್ನು ಗಡಿ ದಾಟಿಸಲು ಸಸ್ಯ ಸಂರಕ್ಷಣಾ ನಿಯಮಗಳು ಅಡ್ಡ ಬರುತ್ತವೆ. ಜಪಾನಿನಲ್ಲಿ ಹೊಸ ಕಚೇರಿ ತೆರೆದಾಗ ಮೂರು ಅಥವಾ ಐದು ಗೊಂಚಲಿನ ಬಿಳಿ ಫಲನಾಪ್ಸಿಸ್ ಕುಂಡ ಕೊಡುವುದು ರೂಢಿ. ಆದರೆ ಕಾಯಿಲೆಯವರಿಗೆ ಕುಂಡದ ಗಿಡ ಕೊಡುವುದಿಲ್ಲ, ಬೇರೂರುವುದೆಂದರೆ ಹಾಸಿಗೆ ಹಿಡಿಯುವುದೆಂಬ ಭಾವನೆ ಅಲ್ಲಿದೆ. ಬಿಳಿ ಸೇವಂತಿಗೆ ಅಲ್ಲಿಯೂ, ಯುರೋಪಿನ ಹಲವು ದೇಶಗಳಲ್ಲಿಯೂ ಸಮಾಧಿಯ ಹೂವು. ರಷ್ಯಾದಲ್ಲಿ ಸಮಸಂಖ್ಯೆಯ ಹೂಗಳು ಸತ್ತವರಿಗೆ ಮೀಸಲು.

ಕೊನೆಯ ಹೆಜ್ಜೆ: ಲೆಕ್ಕ ಮತ್ತು ದಾಖಲೆ

ಒಬ್ಬರಿಗೆ ವರ್ಷಕ್ಕೆ ಇಷ್ಟು ಎಂದು ಮಿತಿ ಹಾಕಿಕೊಳ್ಳಿ. ನಮ್ಮಲ್ಲಿ ಅದು 3,000 ರೂಪಾಯಿ. 2022ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ, ವ್ಯವಹಾರದ ಸಂಬಂಧವಾಗಿ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಕೊಟ್ಟ ಉಡುಗೊರೆ ಮತ್ತಿತರ ಸೌಲಭ್ಯಗಳ ಒಟ್ಟು ಮೌಲ್ಯ 20,000 ರೂಪಾಯಿ ಮೀರಿದರೆ ಶೇಕಡ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡಬೇಕಾಗುತ್ತದೆ. ಹೂವೊಂದರಿಂದಲೇ ಆ ಮಿತಿ ಮುಟ್ಟುವುದು ಕಷ್ಟ, ಆದರೆ ದೀಪಾವಳಿಯ ಬೇರೆ ಉಡುಗೊರೆಯೂ ಅದೇ ಲೆಕ್ಕಕ್ಕೆ ಸೇರುತ್ತದೆ. ಉಡುಗೊರೆಯಾಗಿ ಕೊಟ್ಟ ಕುಂಡ, ಜಾಡಿಗಳ ಮೇಲೆ ಕಟ್ಟಿದ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ ಎಂಬುದನ್ನೂ ಲೆಕ್ಕಪತ್ರ ವಿಭಾಗಕ್ಕೆ ತಿಳಿಸಿಡಿ.

ಒಂದು ಸಾದಾ ರಿಜಿಸ್ಟರಿನಲ್ಲಿ ದಿನಾಂಕ, ಹೆಸರು, ಕಾರಣ, ಕಳುಹಿಸಿದ ಹೂವು, ಆಮೇಲೆ ಅವರು ಹೇಳಿದ ಮಾತು, ಇಷ್ಟನ್ನು ಬರೆದಿಡಿ. "ಧೂಳಿನ ಅಲರ್ಜಿ, ಪರಿಮಳದ ಹೂ ಬೇಡ", "ತಾಯಿಗೆ ಹಳದಿ ಗುಲಾಬಿ ಇಷ್ಟವಾಯಿತಂತೆ", "ಗಿಡವನ್ನು ಮನೆಗೆ ಒಯ್ದರು" ಎಂಬಂಥ ಸಾಲುಗಳೇ ಮುಂದಿನ ವರ್ಷ ಕೆಲಸಕ್ಕೆ ಬರುವುದು. ನೀವು ಬೇರೆ ಕೆಲಸಕ್ಕೆ ಹೋದರೂ ಆ ಪುಸ್ತಕ ಅಲ್ಲಿರುತ್ತದೆ.

ಹೂವಿನವರ ಬಿಲ್ಲನ್ನು ಮಾತ್ರ ಬೇರೆ ಬಿಲ್ಲುಗಳ ಜೊತೆ ಅರವತ್ತು ದಿನದ ಸಾಲಿಗೆ ಹಾಕಬೇಡಿ. ಅವರು ಬೆಳಗಿನ ಜಾವ ನಾಲ್ಕಕ್ಕೆ ಮಾರುಕಟ್ಟೆಯಲ್ಲಿ ನಗದು ಎಣಿಸಿ ತಂದಿರುತ್ತಾರೆ. ಹೂವು ತಲುಪಿದ ದಿನವೇ ಅವರ ಹಣವೂ ತಲುಪುವಂತೆ ನಾವು ಮಾಡಿಕೊಂಡಿದ್ದೇವೆ.